ಗುಡ್ಡಕ್ಕೊಂದು ಗೇರು, ಬಯಲಿಗೊಂದು ಗೇರು

(ವೇದಿಕೆಯ ವಾರ್ಷಿಕ ಕೂಟದಲ್ಲಿ ಮಧ್ಯಾಹ್ನದ ಊಟದ ನಂತರ ಆಡಿದ ಮಾತು. ಬರಹಕ್ಕಿಳಿಸುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದೆ. ಕೊನೆಯಲ್ಲಿ ಸಭಿಕರ ಪ್ರಶ್ನೆಗಳೂ ಇವೆ.)

ಊಟ ಜೋರಾಗಿದೆ, ಕಣ್ಣು ಎಳೀತಾ ಇದೆ ಅಂತ ಗೊತ್ತು. ಅದಕ್ಕೇ ಕಾರ್ಯದರ್ಶಿಗಳು ನನಗೆ ಇಪ್ಪತ್ತೇ ನಿಮಿಷ ಕೊಟ್ಟಿದ್ದಾರೆ.

ನಮ್ಮಲ್ಲಿ ಬೆಳಗಿನ ಜಾವ ಸೈಕಲ್ ತುಳಿಯುವ ಗುಂಪು ವರ್ಷದಿಂದ ವರ್ಷಕ್ಕೆ ಬೆಳೀತಾ ಇದೆ. ಕೆಲವರು 2009ರಲ್ಲಿ ಶುರುವಾದ ಓಸಿಬಿಸಿ ಸೈಕಲ್ ಹಬ್ಬದಲ್ಲಿ ರಸ್ತೆ ಖಾಲಿ ಮಾಡಿಸಿ ಬಿಡುವ ದಿನ ತುಳಿದಿದ್ದಾರೆ. ಕೆಲವರು ರಜೆಗೆ ಊರಿಗೆ ಹೋದಾಗ ನಂದಿಬೆಟ್ಟ ಹತ್ತಬೇಕು, ಯಾವುದಾದರೂ ರೇಸಿಗೆ ಹೆಸರು ಕೊಡಬೇಕು ಅಂತಿದ್ದಾರೆ. ಇವರೆಲ್ಲರೂ ನನ್ನ ಹತ್ತಿರ ಬಂದು ಕೇಳುವುದು ಒಂದೇ ಪ್ರಶ್ನೆ: "ಅಣ್ಣಾ, ಯಾವ ಗೇರು ಹಾಕಿಸ್ಲಿ?" ನಾನು ಶಿಪ್‌ಯಾರ್ಡಿನಲ್ಲಿ ಫಿಟ್ಟರ್. ಹಲ್ಲಿನ ಚಕ್ರ ನನ್ನ ದಿನದ ಕೆಲಸ. ಹಾಗಾಗಿ ಒಬ್ಬೊಬ್ಬರಿಗೆ ಹೇಳುವ ಬದಲು ಎಲ್ಲರಿಗೂ ಒಟ್ಟಿಗೆ ಹೇಳೋಣ ಅಂತ ಒಪ್ಪಿಕೊಂಡೆ.

ಇದು ಬರೀ ಆಟದ ಮಾತಲ್ಲ. ನಮ್ಮಲ್ಲಿ ಹೆಚ್ಚಿನವರು ಏಣಿ ಹತ್ತಿ, ಸ್ಕ್ಯಾಫೋಲ್ಡಿಂಗ್ ಮೇಲೆ ನಿಂತು, ಕೂತು ಎದ್ದು ದುಡಿಯುವವರು. ಮೊಣಕಾಲು ಹೋದರೆ ದುಡಿಮೆ ಹೋಯಿತು. ದುಡಿಮೆ ಹೋದರೆ ಊರಿಗೆ ಹೋಗುವ ಹಣ ನಿಂತಿತು. ನಮ್ಮ ಗುಂಪಿನಲ್ಲೇ ಒಬ್ಬ ತಮ್ಮ ಭಾರೀ ಗೇರಿನಲ್ಲಿ ಹಟ ಹಿಡಿದು ಏರು ತುಳಿದು, ಮೊಣಕಾಲು ಊದಿಸಿಕೊಂಡು ಎರಡು ವಾರ ಕುಂಟುತ್ತಾ ಸೈಟಿಗೆ ಹೋದ. ಓವರ್‌ಟೈಮ್ ಪೂರ್ತಿ ಹೋಯಿತು. ಅವನ ಕಾಲಿನಲ್ಲಿ ಬಲ ಇರಲಿಲ್ಲ ಅಂತಲ್ಲ. ಆ ಬಲಕ್ಕೆ ತಕ್ಕ ಹಲ್ಲು ಸೈಕಲ್ಲಿನಲ್ಲಿ ಇರಲಿಲ್ಲ, ಅಷ್ಟೇ.

ಚೈನ್ ಬ್ಲಾಕ್ ಗೊತ್ತಿದ್ದರೆ ಗೇರು ಗೊತ್ತು

ಚೈನ್ ಬ್ಲಾಕ್ ಎಳೆಯದವರು ಈ ಸಭೆಯಲ್ಲಿ ಕಡಿಮೆ. ಒಂದು ಟನ್ ತೂಕದ ಪಂಪನ್ನು ಒಬ್ಬನೇ ಮನುಷ್ಯ ಕೈಯಿಂದ ಎತ್ತುತ್ತಾನೆ. ಹೇಗೆ? ಕೈಚೈನು ಮೀಟರ್‌ಗಟ್ಟಲೆ ಎಳೀತಾನೆ, ಭಾರ ಮೇಲೇರುವುದು ಬೆರಳಷ್ಟು. ಬಲ ಉಳೀತು, ದೂರ ಜಾಸ್ತಿಯಾಯಿತು. ಪುಕ್ಕಟೆ ಏನೂ ಸಿಗಲಿಲ್ಲ.

ಸೈಕಲ್ಲಿನ ಸಣ್ಣ ಗೇರು ಅಂದರೆ ಅದೇ ಚೈನ್ ಬ್ಲಾಕ್. ಕಾಲು ಹೆಚ್ಚು ಸಲ ಸುತ್ತುತ್ತದೆ, ಪ್ರತಿ ಸುತ್ತಿಗೂ ಒತ್ತುವ ಬಲ ಕಡಿಮೆ. ದೊಡ್ಡ ಗೇರಿನಲ್ಲಿ ಸುತ್ತು ಕಡಿಮೆ, ಒತ್ತು ಹೆಚ್ಚು.

ಟಾರ್ಕ್ ರೆಂಚ್ ಹಿಡಿದವರಿಗೆ ಒಂದು ಲೆಕ್ಕ ಹೇಳ್ತೀನಿ. ಸಾಧಾರಣ ಅಭ್ಯಾಸ ಇರುವ ಮನುಷ್ಯ ಒಂದು ಗಂಟೆ ಹೊತ್ತು 170 ವ್ಯಾಟ್ ಶಕ್ತಿ ಹಾಕಬಲ್ಲ ಅಂತ ಇಟ್ಟುಕೊಳ್ಳಿ. ಅದನ್ನೇ ನಿಮಿಷಕ್ಕೆ 90 ಸುತ್ತು ತುಳಿದರೆ ಪೆಡಲಿನ ಅಚ್ಚಿನ ಮೇಲೆ ಬೀಳುವ ಸರಾಸರಿ ಟಾರ್ಕ್ 18 ನ್ಯೂಟನ್ ಮೀಟರ್. ಅಷ್ಟೇ ಶಕ್ತಿಯನ್ನು ನಿಮಿಷಕ್ಕೆ 36 ಸುತ್ತಿನಲ್ಲಿ ಹಾಕಿದರೆ 45 ನ್ಯೂಟನ್ ಮೀಟರ್. ಎರಡೂವರೆ ಪಟ್ಟು. ಸೈಕಲ್ ಹೋಗುವ ವೇಗ ಎರಡರಲ್ಲೂ ಒಂದೇ. ಹೆಚ್ಚುವರಿ ಹೊರೆ ಬಿದ್ದದ್ದು ಮೊಣಕಾಲಿನ ಮೇಲೆ.

ಒಂದು ಸುತ್ತಿಗೆ ಎಷ್ಟು ಮೀಟರ್

ಅಂಗಡಿಯವರು "ಕಂಪ್ಯಾಕ್ಟ್", "ಸ್ಟ್ಯಾಂಡರ್ಡ್" ಅಂತ ಹೆಸರು ಹೇಳ್ತಾರೆ. ಹೆಸರಿಗೆ ಹೆದರಬೇಡಿ. ಮುಂದಿನ ಚೈನ್‌ರಿಂಗ್‌ಗಳಲ್ಲಿ 50 ಮತ್ತು 34 ಹಲ್ಲು ಇದ್ದರೆ ಕಂಪ್ಯಾಕ್ಟ್. 52 ಮತ್ತು 36 ಇದ್ದರೆ ಸೆಮಿ ಕಂಪ್ಯಾಕ್ಟ್. 53 ಮತ್ತು 39 ಹಳೆಯ ಕಾಲದ ಸ್ಟ್ಯಾಂಡರ್ಡ್. ಹಿಂದಿನ ಗೊಂಚಲಿಗೆ ಕ್ಯಾಸೆಟ್ ಅಂತಾರೆ. 11-28 ಅಂದರೆ ಅತಿ ಚಿಕ್ಕ ಚಕ್ರಕ್ಕೆ 11 ಹಲ್ಲು, ಅತಿ ದೊಡ್ಡದಕ್ಕೆ 28.

ಲೆಕ್ಕ ಇಷ್ಟೇ. ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿ. ಬಂದದ್ದನ್ನು ಚಕ್ರದ ಸುತ್ತಳತೆಯಿಂದ ಗುಣಿಸಿ. ರೋಡ್ ಸೈಕಲ್ಲಿನ ಚಕ್ರ ಸುಮಾರು 2.1 ಮೀಟರ್. ಆಗ ಪೆಡಲ್ ಒಂದು ಸುತ್ತು ಬಂದರೆ ಸೈಕಲ್ ಎಷ್ಟು ಮೀಟರ್ ಮುಂದೆ ಹೋಗುತ್ತದೆ ಅಂತ ಗೊತ್ತಾಗುತ್ತದೆ. ಅದನ್ನು ನಿಮಿಷದ ಸುತ್ತಿನಿಂದ ಗುಣಿಸಿ, ಮತ್ತೆ 0.06ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಅಂತ ಬರುತ್ತದೆ.

ಉದಾಹರಣೆಗೆ 50ಕ್ಕೆ 11: ಸುತ್ತಿಗೆ 9.5 ಮೀಟರ್. 90 ಸುತ್ತಿಗೆ ಗಂಟೆಗೆ 51 ಕಿ.ಮೀ. ದಾಟುತ್ತದೆ. 34ಕ್ಕೆ 32: ಸುತ್ತಿಗೆ 2.2 ಮೀಟರ್ ಚಿಲ್ಲರೆ. 90 ಸುತ್ತಿಗೆ 12 ಕಿ.ಮೀ. ಒಂದೇ ಸೈಕಲ್ಲಿನ ಎರಡು ತುದಿ ಇವು. ನಿಮಗೆ ಬೇಕಾದದ್ದು ಈ ಎರಡರ ನಡುವೆ ಎಲ್ಲೋ ಇರ್ತದೆ. ಎಲ್ಲಿ ಅನ್ನೋದು ರಸ್ತೆಯ ಮೇಲೂ ನಿಮ್ಮ ಕಾಲಿನ ಮೇಲೂ ನಿಂತಿದೆ.

ಗುಡ್ಡದ ಲೆಕ್ಕ

ಏರನ್ನು ನೂರಕ್ಕೆ ಇಷ್ಟು ಅಂತ ಅಳೀತೀವಿ. ನೂರು ಮೀಟರ್ ಮುಂದೆ ಹೋದಾಗ ಏಳು ಮೀಟರ್ ಮೇಲೆ ಹೋದರೆ ನೂರಕ್ಕೆ ಏಳು. ನಿಮ್ಮ ಕಾಲಿನ ಅಳತೆಯನ್ನು ಗಂಟೆಗೆ ಎಷ್ಟು ಮೀಟರ್ ಎತ್ತರ ಏರ್ತೀರಿ ಅನ್ನೋದರಲ್ಲಿ ತೆಗೆದುಕೊಳ್ಳಿ. ಅದಕ್ಕೆ ಯಾವ ಯಂತ್ರವೂ ಬೇಡ. ಎತ್ತರ ಗೊತ್ತಿರುವ ಒಂದು ಏರು ಮತ್ತು ಒಂದು ಗಡಿಯಾರ ಸಾಕು.

ಸೈಕಲ್ ಸೇರಿ 80 ಕಿಲೋ ತೂಗುವವನು 170 ವ್ಯಾಟ್ ಹಾಕಿದರೆ ಗಂಟೆಗೆ ಸುಮಾರು 700 ಮೀಟರ್ ಏರ್ತಾನೆ. ನೂರಕ್ಕೆ ಏಳರ ಏರಿನಲ್ಲಿ ಅವನ ವೇಗ ಗಂಟೆಗೆ 10 ಕಿ.ಮೀ. ನೂರಕ್ಕೆ ಹತ್ತರ ಏರಿನಲ್ಲಿ 7 ಕಿ.ಮೀ. ಈಗ ಗೇರು ನೋಡಿ. ನೂರಕ್ಕೆ ಹತ್ತರಲ್ಲಿ 39ಕ್ಕೆ 25 ಇದ್ದರೆ ನಿಮಿಷಕ್ಕೆ 36 ಸುತ್ತು. 34ಕ್ಕೆ 28 ಇದ್ದರೆ 46. 34ಕ್ಕೆ 32 ಇದ್ದರೆ 52. ಅದೇ ಮನುಷ್ಯ, ಅದೇ ಗುಡ್ಡ, ಅದೇ ಬೆವರು. 36 ಸುತ್ತಿನಲ್ಲಿ ಸೈಕಲ್ ಪ್ರತಿ ಸುತ್ತಿಗೂ ನಿಂತು ನಿಂತು ಹೋಗುತ್ತದೆ, ಹ್ಯಾಂಡಲ್ ಅಲ್ಲಾಡುತ್ತದೆ, ಸೊಂಟ ಹಿಡಿಯುತ್ತದೆ. ಐವತ್ತರ ಮೇಲೆ ಹೋದರೆ ಕೂತು ತುಳಿಯಬಹುದು. ಅರುವತ್ತು ಎಪ್ಪತ್ತು ಸಿಕ್ಕರೆ ಮಾತಾಡ್ತಾ ಹತ್ತಬಹುದು.

ಸರಾಸರಿ ಏರನ್ನು ನಂಬಬೇಡಿ ಅನ್ನೋದು ನನ್ನ ಇನ್ನೊಂದು ಮಾತು. ನಂದಿಬೆಟ್ಟದ ಶಿಖರ 1,478 ಮೀಟರ್. ಬುಡದಿಂದ ಏಳೆಂಟು ಕಿಲೋಮೀಟರ್ ಏರು, ಸರಾಸರಿ ನೂರಕ್ಕೆ ಐದಾರು. ಕಾಗದದ ಮೇಲೆ ನೋಡಿದರೆ 39ಕ್ಕೆ 25ರಲ್ಲೂ ನಿಮಿಷಕ್ಕೆ ಅರುವತ್ತು ಸುತ್ತು ಸಿಗುತ್ತದೆ, ಸಾಕಲ್ಲ ಅನ್ನಿಸುತ್ತದೆ. ಆದರೆ ಬೆಟ್ಟ ಸರಾಸರಿಯಾಗಿ ಏರುವುದಿಲ್ಲ. ಕೊನೆಯ ಭಾಗದಲ್ಲಿ ಕಡಿದಾಗುತ್ತದೆ. ಅಷ್ಟು ಹೊತ್ತಿಗೆ ಅರ್ಧ ಗಂಟೆ ತುಳಿದು ದಮ್ಮು ಇಳಿದಿರುತ್ತದೆ. ಗಂಟೆಗೆ 700 ಏರುತ್ತಿದ್ದವನು 600ಕ್ಕೆ ಬಂದಿರ್ತಾನೆ. ಹಾಗಾಗಿ ಗೇರನ್ನು ಆರಿಸುವುದು ಸರಾಸರಿ ಏರಿಗಲ್ಲ. ಅತಿ ಕಡಿದಾದ ಉದ್ದನೆಯ ತುಂಡಿಗೆ, ಅದೂ ದಣಿದ ಕಾಲಿಗೆ. ನಂದಿಗೆ ನಮ್ಮಂಥವರಿಗೆ 34ಕ್ಕೆ 28 ಕನಿಷ್ಠ, 32 ಇದ್ದರೆ ನೆಮ್ಮದಿ.

2008ರಿಂದ ನಡೆಯುತ್ತಿರುವ ಟೂರ್ ಆಫ್ ನೀಲಗಿರೀಸ್ ಬಗ್ಗೆ ಕೇಳಿರಬಹುದು. ಅದರಲ್ಲಿ ಎಲ್ಲರ ಬಾಯಲ್ಲೂ ಬರುವುದು ಮಸಿನಗುಡಿಯಿಂದ ಊಟಿ ಕಡೆಗಿನ ಕಲ್ಲಟ್ಟಿ ಘಾಟು. 36 ಹೇರ್‌ಪಿನ್ ತಿರುವು, ಅಲ್ಲಲ್ಲಿ ನೂರಕ್ಕೆ ಹತ್ತನ್ನು ಮೀರುವ ಏರು. ಅಲ್ಲಿಗೆ ಹೋಗುವವರು 34ಕ್ಕೆ 32 ಅಥವಾ 34 ಹಾಕಿಸಿಕೊಂಡೇ ಹೋಗಲಿ. ನಮ್ಮ ಪಕ್ಕದ ಮಲೇಷ್ಯಾದಲ್ಲಿ 1996ರಿಂದ ನಡೆಯುವ ಲಂಕಾವಿ ಟೂರಿನ ಗೆಂಟಿಂಗ್ ಏರೂ ಅದೇ ಜಾತಿಯದು. ಅಲ್ಲಿ ದೊಡ್ಡ ದೊಡ್ಡ ವೃತ್ತಿಪರರೂ ಬಯಲಿನ ಗೇರು ಬಿಟ್ಟು ಗುಡ್ಡದ ಗೇರು ಕಟ್ಟಿಕೊಂಡು ಬರ್ತಾರೆ.

ಬಯಲಿನ ಲೆಕ್ಕ

ಈಗ ಸಪಾಟು ರಸ್ತೆಗೆ ಬರೋಣ. ಸಿಂಗಾಪುರದಲ್ಲಿ ಅದೇ ಹೆಚ್ಚು. ಇಡೀ ದೇಶದ ಅತಿ ಎತ್ತರದ ಸಹಜ ಗುಡ್ಡ ಬುಕಿತ್ ತಿಮಾ, ಅದೂ 164 ಮೀಟರ್. ಚಾಂಗಿ ಕೋಸ್ಟ್ ರೋಡು, ಲಿಮ್ ಚು ಕಾಂಗ್ ರೋಡು ಇವೆಲ್ಲ ಹಗ್ಗ ಹಿಡಿದು ಎಳೆದ ಹಾಗೆ. ಲಿಮ್ ಚು ಕಾಂಗ್ ರಸ್ತೆಯನ್ನು ಬೇಕಾದಾಗ ವಾಯುಪಡೆಯವರು ರನ್‌ವೇ ಮಾಡಿಕೊಂಡದ್ದುಂಟು ಅಂದ ಮೇಲೆ ಸಪಾಟು ಎಷ್ಟು ಅಂತ ನೀವೇ ತಿಳಿದುಕೊಳ್ಳಿ.

ಬಯಲಿನಲ್ಲಿ ವೈರಿ ಭೂಮಿಯ ಸೆಳೆತ ಅಲ್ಲ, ಗಾಳಿ. ಗುಡ್ಡದಲ್ಲಿ 7 ಕಿ.ಮೀ. ಹೋಗ್ತಿದ್ದ ನಮ್ಮ 170 ವ್ಯಾಟಿನ ಮನುಷ್ಯ ಗಾಳಿ ಇಲ್ಲದ ಬಯಲಿನಲ್ಲಿ ಒಬ್ಬನೇ ಹೋದರೆ ಗಂಟೆಗೆ 29-30 ಕಿ.ಮೀ. ಹೋಗ್ತಾನೆ. 90 ಸುತ್ತಿಗೆ ಅವನಿಗೆ ಬೇಕಾದ ಗೇರು 50ಕ್ಕೆ 19. ಗುಂಪಿನಲ್ಲಿ ಬೇರೆಯವರ ಬೆನ್ನಿಗೆ ಹೊಂದಿಕೊಂಡು 35ರಿಂದ 40 ಕಿ.ಮೀ. ಹೋಗುವಾಗ 50ಕ್ಕೆ 16, 15, 14 ಬೇಕು. 11 ಹಲ್ಲಿನ ಚಕ್ರಕ್ಕೆ ಕೆಲಸ ಬರುವುದು ಇಳಿಜಾರಿನಲ್ಲಿ, ಇಲ್ಲವೆ ಕೊನೆಯ ಓಟದಲ್ಲಿ. ಆದರೂ ಜನ 53ರ ಚೈನ್‌ರಿಂಗಿಗೆ ಆಸೆ ಪಡ್ತಾರೆ.

ಒಂದು ಮಾತು ಕೇಳಿ. 17-18 ವಯಸ್ಸಿನ ಜೂನಿಯರ್ ಹುಡುಗರಿಗೆ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2022ರ ಕೊನೆಯವರೆಗೂ ಒಂದು ಮಿತಿ ಇಟ್ಟಿತ್ತು. ಪೆಡಲಿನ ಒಂದು ಸುತ್ತಿಗೆ 7.93 ಮೀಟರಿಗಿಂತ ಹೆಚ್ಚು ಹೋಗುವ ಗೇರು ಇರಕೂಡದು. ಅಂದರೆ 52ಕ್ಕೆ 14. ಎಳೆಯ ಕಾಲುಗಳನ್ನು ಭಾರೀ ಗೇರಿನಿಂದ ಕಾಪಾಡಬೇಕು ಅನ್ನೋ ಯೋಚನೆ ಅದರ ಹಿಂದಿತ್ತು. ಆ ಗೇರಿನಲ್ಲೇ ಆ ಹುಡುಗರು ನಿಮಿಷಕ್ಕೆ 120 ಸುತ್ತು ತುಳಿದು ಗಂಟೆಗೆ 57 ಕಿ.ಮೀ. ಮುಟ್ಟುತ್ತಿದ್ದರು. ಭಾನುವಾರ ತುಳಿಯುವ ನಮಗೆ ಅದಕ್ಕಿಂತ ದೊಡ್ಡದು ಯಾಕೆ ಬೇಕು?

ಬಯಲಿಗೆ ದೊಡ್ಡ ಗೇರಿಗಿಂತ ಮುಖ್ಯವಾದದ್ದು ಹತ್ತಿರ ಹತ್ತಿರದ ಗೇರು. 11 ಚಕ್ರದ 11-32 ಕ್ಯಾಸೆಟ್ಟಿನಲ್ಲಿ 14 ಆದ ಮೇಲೆ ಸೀದಾ 16. ನಡುವೆ 15 ಇಲ್ಲ. ಗುಂಪು 38ರ ವೇಗದಲ್ಲಿ ಹೋಗ್ತಿದೆ ಅನ್ನಿ. 50ಕ್ಕೆ 14 ಹಾಕಿದರೆ ನಿಮಿಷಕ್ಕೆ 84 ಸುತ್ತು, ಸ್ವಲ್ಪ ಭಾರ. 16 ಹಾಕಿದರೆ 96, ಸ್ವಲ್ಪ ಹಗುರ. 15 ಇದ್ದಿದ್ದರೆ ಸರಿಯಾಗಿ 90. ಒಂದು ಗಂಟೆ ಹೀಗೆ ಅತ್ತಿತ್ತ ಹೊಯ್ದಾಡಿದರೆ ಕಾಲು ಸುಮ್ಮನೆ ದಣಿಯುತ್ತದೆ. 11-28ರಲ್ಲಿ 15 ಇದೆ. 12-25 ಕ್ಯಾಸೆಟ್ಟಿನಲ್ಲಿ 12ರಿಂದ 19ರವರೆಗೆ ಒಂದೊಂದೇ ಹಲ್ಲು ಏರುತ್ತದೆ, ಬಯಲಿನ ರೇಸಿಗೆ ಹೇಳಿ ಮಾಡಿಸಿದ್ದು. ಆದರೆ ಅದನ್ನು ಹಾಕಿಕೊಂಡು ನಂದಿಗೆ ಹೋದರೆ ಅಳು ಬರುತ್ತದೆ.

ಗಾಳಿಯೇ ಇಲ್ಲಿನ ಗುಡ್ಡ

ಡಿಸೆಂಬರಿನಿಂದ ಮಾರ್ಚಿನವರೆಗೆ ಈಶಾನ್ಯ ಮಾನ್ಸೂನು, ಜೂನಿನಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಮಾನ್ಸೂನು. ಚಾಂಗಿ ಕಡೆಗೆ ಎದುರು ಗಾಳಿಗೆ ತುಳಿದವರಿಗೆ ಗೊತ್ತು, ಅದು ತುದಿಯೇ ಇಲ್ಲದ ಗುಡ್ಡ. ಗಂಟೆಗೆ 14-15 ಕಿ.ಮೀ. ಗಾಳಿ ಎದುರು ಬಂದರೆ 29-30ರಲ್ಲಿ ಹೋಗ್ತಿದ್ದವನು ಅಷ್ಟೇ ಶಕ್ತಿಗೆ 21-22ಕ್ಕೆ ಇಳೀತಾನೆ. ಆಗ ಬೇಕಾಗುವ ಗೇರು 34ಕ್ಕೆ 18ರ ಆಸುಪಾಸು. ಮುಂದೆ ಚಿಕ್ಕ ಚೈನ್‌ರಿಂಗಿಗೆ ಬಂದರೆ ಹಿಂದೆ ಚೈನು ಕ್ಯಾಸೆಟ್ಟಿನ ನಡುಭಾಗದಲ್ಲಿ ನೆಟ್ಟಗೆ ಓಡುತ್ತದೆ. ನಮ್ಮ ಹುಡುಗರು ಏನು ಮಾಡ್ತಾರೆ ಅಂದ್ರೆ "ಬಯಲಲ್ಲಿ ಚಿಕ್ಕ ರಿಂಗಾ?" ಅಂತ ನಾಚಿ, 50ರಲ್ಲೇ ಉಳಿದು ಹಿಂದಿನ ದೊಡ್ಡ ಚಕ್ರಕ್ಕೆ ಅಡ್ಡಡ್ಡ ಎಳೀತಾರೆ. ಚೈನು ಕಿರುಗುಟ್ಟುತ್ತದೆ, ಬೇಗ ಸವೆಯುತ್ತದೆ. ಗಾಳಿಗೆ ನಿಮ್ಮ ಚೈನ್‌ರಿಂಗ್ ಯಾವುದು ಅಂತ ಕಾಣಿಸುವುದಿಲ್ಲ. ಚಿಕ್ಕದಕ್ಕೆ ಬನ್ನಿ.

ಒಂದೇ ಗೇರಿನವರಿಗೆ

ನಮ್ಮಲ್ಲಿ ಅರ್ಧ ಜನರ ಹತ್ತಿರ ಇರುವುದು ಡಾರ್ಮಿಟರಿಯಿಂದ ಅಂಗಡಿಗೆ, ಗೆಳೆಯರ ಮನೆಗೆ ಹೋಗುವ ಒಂದೇ ಗೇರಿನ ಸೈಕಲ್ಲು. ಅವರನ್ನು ಬಿಟ್ಟು ಮಾತಾಡಿದರೆ ತಪ್ಪಾಗುತ್ತದೆ. ಮುಂದೆ 44, ಹಿಂದೆ 18 ಹಲ್ಲು ಇದೆ ಅಂತಿಟ್ಟುಕೊಳ್ಳಿ, ಚಕ್ರ 28 ಇಂಚಿನದು. ಸುತ್ತಿಗೆ 5.4 ಮೀಟರ್. ನಿಮಿಷಕ್ಕೆ 80 ಸುತ್ತಿಗೆ ಗಂಟೆಗೆ 26 ಕಿ.ಮೀ. ಹಿಂದಿನ ಫ್ರೀವೀಲ್ ಒಂದನ್ನು ಬದಲಾಯಿಸಿ 16 ಹಾಕಿದರೆ 29. 20 ಹಾಕಿದರೆ 23, ಆದರೆ ಮೇಲ್ಸೇತುವೆ, ಗಾಳಿ, ಹಿಂದೆ ಅಕ್ಕಿ ಚೀಲ ಎಲ್ಲದಕ್ಕೂ ಹಗುರ. ದಿನವೂ ಸಾಮಾನು ಹೊರುವವರಿಗೆ 20 ಮೇಲು. ಫ್ರೀವೀಲ್ ಬದಲಾಯಿಸುವುದು ಇಡೀ ಸೈಕಲ್ ಬದಲಾಯಿಸುವುದಕ್ಕಿಂತ ಎಷ್ಟೋ ಅಗ್ಗ.

ಫಿಕ್ಸಿ ಅಂತ ಫ್ರೀವೀಲ್ ಇಲ್ಲದ ಸೈಕಲ್ ತಗೊಳ್ಳುವ ಹುಡುಗರಿಗೆ ಒಂದು ಎಚ್ಚರಿಕೆ. 2021ರ ಸೆಪ್ಟೆಂಬರ್ 1ರಿಂದ ಇಲ್ಲಿನ ಸಾರ್ವಜನಿಕ ದಾರಿಗಳಲ್ಲಿ ಕೈಯಿಂದ ಹಿಡಿಯುವ ಬ್ರೇಕ್ ಕನಿಷ್ಠ ಒಂದಾದರೂ ಇರಲೇಬೇಕು. ರಸ್ತೆಗೆ ಇಳಿದರೆ ಹೆಲ್ಮೆಟ್ ಕಡ್ಡಾಯ. ನಾವು ಬೇರೆ ದೇಶದಲ್ಲಿ ದುಡಿಯುವವರು. ಸಣ್ಣ ತಪ್ಪಿಗೂ ದೊಡ್ಡ ಬೆಲೆ ಕೊಡಬೇಕಾಗಬಹುದು.

ನಮ್ಮೂರಿನ ಮಾತು

ನಾನು ಬಾಗಲಕೋಟೆ ಕಡೆಯವನು. ವಿಜಯಪುರ, ಬಾಗಲಕೋಟೆ ಎರಡೂ ಜಿಲ್ಲೆ ಕರ್ನಾಟಕದ ಸೈಕ್ಲಿಂಗಿಗೆ ತವರು ಇದ್ದ ಹಾಗೆ. ಜಾತ್ರೆಯಲ್ಲಿ ಎತ್ತಿನ ಸ್ಪರ್ಧೆ ಹೇಗೋ ಹಾಗೆ ಸೈಕಲ್ ಸ್ಪರ್ಧೆ. ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡ್ ಎಲ್ಲ ಕಳಚಿ, ಒಂದೇ ಗೇರಿನ ಸೈಕಲ್ಲಿನಲ್ಲಿ ಎರೆಭೂಮಿಯ ನೇರ ರಸ್ತೆಯಲ್ಲಿ ಹುಡುಗರು ಹಾರ್ತಾರೆ. ಅಲ್ಲಿಂದಲೇ ಕ್ರೀಡಾ ನಿಲಯಕ್ಕೆ, ಅಲ್ಲಿಂದ ರಾಜ್ಯ ತಂಡಕ್ಕೆ, ಕೆಲವರು ರೈಲ್ವೆಗೆ, ಸೈನ್ಯಕ್ಕೆ ಸೇರಿದ್ದಾರೆ. ಒಕ್ಕಲುತನದ ಮನೆಯ ಹುಡುಗನಿಗೆ ಸೈಕಲ್ಲು ಒಂದು ನೌಕರಿಯ ದಾರಿ. ಈ ಸಭೆಯಲ್ಲೇ ಆ ದಾರಿಯಲ್ಲಿ ಅರ್ಧ ನಡೆದು, ಮನೆಯ ಸಾಲಕ್ಕೆ ಸೈಕಲ್ ಇಳಿದು ವಿಮಾನ ಹತ್ತಿದವರು ಇದ್ದಾರೆ. ಹೆಸರು ಹೇಳುವುದಿಲ್ಲ, ಅವರಿಗೇ ಗೊತ್ತು.

ಆ ಬಯಲಿನ ಹುಡುಗರು ಗುಡ್ಡದ ರೇಸಿಗೆ ಹೋದಾಗ ಎಷ್ಟೋ ಸಲ ಹಿಂದೆ ಬೀಳುವುದು ಕಾಲು ಸೋತು ಅಲ್ಲ. ಹಿಂದೆ 25 ಹಲ್ಲಿನ ಕ್ಯಾಸೆಟ್ಟೇ ಉಳಿದಿರ್ತದೆ. ಇನ್ನೊಂದು ಕೊಳ್ಳಲು ಮನೆಯಲ್ಲಿ ದುಡ್ಡಿರುವುದಿಲ್ಲ. ಬೇರೆ ಊರಿನ ಹುಡುಗ ಎರಡು ಕ್ಯಾಸೆಟ್ ತಂದಿರ್ತಾನೆ, ರಸ್ತೆ ನೋಡಿ ಬದಲಾಯಿಸ್ತಾನೆ.

ಹಳೆಯ ಕಾಲದಲ್ಲಿ ಎಲ್ಲರಿಗೂ ಇದೇ ಕಷ್ಟ ಇತ್ತು. ಟೂರ್ ದ ಫ್ರಾನ್ಸ್ 1903ರಲ್ಲಿ ಶುರುವಾಯಿತು, 1910ರಲ್ಲಿ ಪಿರನೀಸ್ ಪರ್ವತ ಹತ್ತಿತು. ಆದರೆ ಅದನ್ನು ಕಟ್ಟಿದ ಆನ್ರಿ ದೆಗ್ರಾಂಜ್ ಅವರಿಗೆ ಡಿರೇಲರ್ ಕಂಡರೆ ಆಗುತ್ತಿರಲಿಲ್ಲ. ಗೇರು ಬದಲಾಯಿಸುವ ಯಂತ್ರ ಗಂಡಸುತನಕ್ಕೆ ಕುಂದು ಅನ್ನೋ ಥರದ ನಂಬಿಕೆ. ಸವಾರರು ಗುಡ್ಡದ ಬುಡದಲ್ಲಿ ಇಳಿದು, ಹಿಂದಿನ ಚಕ್ರ ಬಿಚ್ಚಿ, ತಿರುಗಿಸಿ ಇನ್ನೊಂದು ಪಕ್ಕದ ಹಲ್ಲಿಗೆ ಚೈನು ಹಾಕಿ ಮತ್ತೆ ಹತ್ತಬೇಕಿತ್ತು. ಕೊನೆಗೆ 1937ರಲ್ಲಿ ಡಿರೇಲರಿಗೆ ಒಪ್ಪಿಗೆ ಸಿಕ್ಕಿತು. ಆವತ್ತಿನಿಂದ ಸಣ್ಣ ಗೇರು ಹಾಕಿದವರನ್ನು ಯಾರೂ ರೇಸಿನಿಂದ ಹೊರಗೆ ಹಾಕಿಲ್ಲ. ನಮ್ಮ ತಲೆಯಲ್ಲಿ ಮಾತ್ರ ಆ ಹಳೆಯ ನಿಯಮ ಇನ್ನೂ ಕೂತಿದೆ.

ಅದಕ್ಕೇ ನನ್ನ ಒಂದು ಕೋರಿಕೆ. ಇಲ್ಲಿ ನಾವು ಕ್ಯಾಸೆಟ್ ಬದಲಾಯಿಸಿದಾಗ ಹಳೆಯದು ಮಂಚದ ಕೆಳಗೆ ತುಕ್ಕು ಹಿಡಿಯುತ್ತದೆ. ಹಲ್ಲು ಚೆನ್ನಾಗಿದ್ದರೆ ಅದನ್ನು ತೊಳೆದು, ಎಣ್ಣೆ ಹಚ್ಚಿ, ರಜೆಗೆ ಹೋಗುವಾಗ ಊರಿನ ಹುಡುಗರಿಗೆ ಒಯ್ಯಿರಿ. ಕೊಡುವ ಮುಂಚೆ ಅವರ ಸೈಕಲ್ 8ರದ್ದೋ, 9ರದ್ದೋ, 10ರದ್ದೋ, 11ರದ್ದೋ ಅಂತ ಕೇಳಿ. ಅದು ಹೊಂದದಿದ್ದರೆ ಒಯ್ದದ್ದು ವ್ಯರ್ಥ. ಒಂದು 11-32 ಕ್ಯಾಸೆಟ್ಟು, ಜೊತೆಗೊಂದು ಹೊಸ ಚೈನು. ಒಬ್ಬ ಹುಡುಗ ಗುಡ್ಡದ ರೇಸಿನಲ್ಲಿ ಉಳಿಯುವುದಕ್ಕೆ ಅಷ್ಟು ಸಾಕು.

ಹಾಕಿಸುವ ಮುನ್ನ

ಇನ್ನು ಕೆಲಸದ ಮಾತು. ದೊಡ್ಡ ಕ್ಯಾಸೆಟ್ ತಂದ ಕೂಡಲೇ ಕೂರುವುದಿಲ್ಲ. ಮೂರು ವಿಷಯ ನೋಡಿ.

ಒಂದು, ಹಿಂದಿನ ಡಿರೇಲರ್. ಅದಕ್ಕೆ ಎರಡು ಮಿತಿ ಇರ್ತವೆ. ಅತಿ ದೊಡ್ಡ ಚಕ್ರ ಎಷ್ಟು ಹಲ್ಲಿನದಿರಬಹುದು ಅನ್ನೋದು ಮೊದಲನೆಯದು. ಒಟ್ಟು ಎಷ್ಟು ಸಡಿಲ ಚೈನನ್ನು ಅದು ಎಳೆದು ಹಿಡಿಯಬಲ್ಲದು ಅನ್ನೋದು ಎರಡನೆಯದು. ಮುಂದಿನ ಎರಡು ರಿಂಗಿನ ವ್ಯತ್ಯಾಸಕ್ಕೆ ಹಿಂದಿನ ತುದಿಗಳ ವ್ಯತ್ಯಾಸ ಕೂಡಿಸಿ. 50-34ಕ್ಕೆ 16, 11-28ಕ್ಕೆ 17, ಒಟ್ಟು 33. 11-32 ಆದರೆ 16ಕ್ಕೆ 21 ಕೂಡಿ 37. ಶಿಮಾನೊ 105ರ 5800 ಮಾದರಿಯಲ್ಲಿ ಗಿಡ್ಡ ಕೇಜಿಗೆ ಮಿತಿ 33, ಉದ್ದ ಕೇಜಿಗೆ 37. ಹಾಗಾಗಿ 32 ಬೇಕು ಅಂದರೆ ಉದ್ದ ಕೇಜ್ ಇದೆಯಾ ನೋಡಿ. ಮೊಬೈಲ್ ಆ್ಯಪಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಡಿರೇಲರಿನ ಹಿಂಬದಿಯ ನಂಬರಿನ ಫೋಟೊ ಮೊದಲೇ ಕೇಳಿ.

ಎರಡು, ಚೈನಿನ ಉದ್ದ. ಹಿಂದಿನ ಚಕ್ರ ದೊಡ್ಡದಾದರೆ ಚೈನು ಸಾಲದೆ ಬರಬಹುದು. ಗಿಡ್ಡ ಚೈನಿನಲ್ಲಿ ಮುಂದೂ ದೊಡ್ಡದು ಹಿಂದೂ ದೊಡ್ಡದು ಹಾಕಿದರೆ ಡಿರೇಲರ್ ಕಿತ್ತು ಬರುತ್ತದೆ. ಚೈನು ಸವೆದಿದೆಯೋ ಅಂತ ನೋಡಲು ನಿಮ್ಮ ಸ್ಟೀಲ್ ಸ್ಕೇಲೇ ಸಾಕು. ಒಂದು ಪಿನ್ನಿನ ನಡುವಿನಿಂದ ಅಳೆದರೆ ಹೊಸ ಚೈನಿನ 24 ಕೊಂಡಿ ಸರಿಯಾಗಿ 12 ಇಂಚು. ಇಂಚಿನ ಹದಿನಾರನೆಯ ಒಂದು ಭಾಗ ಹೆಚ್ಚಾಗಿದ್ದರೆ ಬದಲಾಯಿಸಿ. ಸವೆದ ಚೈನನ್ನು ಹೊಸ ಕ್ಯಾಸೆಟ್ಟಿನ ಮೇಲೆ ಓಡಿಸಿದರೆ ಅದೂ ಹಾಳು, ದುಡ್ಡೂ ಹಾಳು.

ಮೂರು, ಹಬ್. 8, 9, 10ರ ಕಾಲದ ಹಳೆಯ ಚಕ್ರಕ್ಕೆ 11ರ ರೋಡ್ ಕ್ಯಾಸೆಟ್ ಸಾಮಾನ್ಯವಾಗಿ ಕೂರುವುದಿಲ್ಲ. ಕೂರುವಂಥದ್ದಾದರೆ ಲಾಕ್‌ರಿಂಗನ್ನು 40 ನ್ಯೂಟನ್ ಮೀಟರಿಗೆ ಬಿಗಿ ಮಾಡಿ. ಅಂದಾಜಿನ ಕೆಲಸ ಬೇಡ.

ಹೊಸ ಗೇರನ್ನು ರೇಸಿನ ದಿನ ಮೊದಲ ಸಲ ಹಾಕಬೇಡಿ. ಕನಿಷ್ಠ ಎರಡು ಭಾನುವಾರ ಅದರಲ್ಲಿ ತುಳಿದಿರಿ. ಮತ್ತೆ, ಹಾಸಿಗೆ ಇದ್ದಷ್ಟೇ ಕಾಲು ಚಾಚಿ. ಇಡೀ ಗ್ರೂಪ್‌ಸೆಟ್ ಬದಲಾಯಿಸಲು ಒಂದು ತಿಂಗಳ ಸಂಬಳ ಸುರಿಯಬೇಡಿ. ಹತ್ತರಲ್ಲಿ ಎಂಟು ಸಲ ಕ್ಯಾಸೆಟ್ಟು, ಚೈನು ಎರಡೇ ಸಾಕಾಗುತ್ತದೆ.

ಒಟ್ಟು ಹೇಳುವುದಾದರೆ, ಸಿಂಗಾಪುರದ ಬಯಲಿಗೆ 50-34ರ ಜೊತೆ 11-28 ಅಥವಾ 12-25. ನಂದಿಗೆ 11-28 ಇಲ್ಲವೆ 11-32. ಕಲ್ಲಟ್ಟಿಗೆ, ಗೆಂಟಿಂಗಿಗೆ 11-32 ಇಲ್ಲವೆ 34. ಎರಡೂ ಕಡೆ ತುಳಿಯುವವರು, ಒಂದೇ ಕೊಳ್ಳುವ ಶಕ್ತಿ ಇರುವವರು 11-32 ಕೊಳ್ಳಿ. ಬಯಲಿನಲ್ಲಿ 15 ಹಲ್ಲಿಲ್ಲದ ಕೊರಗನ್ನು ಸಹಿಸಬಹುದು. ಗುಡ್ಡದಲ್ಲಿ 32 ಇಲ್ಲದ ಕೊರಗನ್ನು ಸಹಿಸುವುದು ಮೊಣಕಾಲು.

ಸಭಿಕರ ಪ್ರಶ್ನೆಗಳು

ಪ್ರಶ್ನೆ: ಇಲ್ಲಿ ಗುಡ್ಡವೇ ಇಲ್ಲವಲ್ಲ ಅಣ್ಣಾ, ಊರಿನ ಬೆಟ್ಟಕ್ಕೆ ತಯಾರಿ ಹೇಗೆ?

ಮೌಂಟ್ ಫೇಬರ್ ಇದೆ. ಎತ್ತರ ಸುಮಾರು ನೂರು ಮೀಟರ್, ಆದರೆ ಕಡಿದು. ಐದಾರು ಸಲ ಹತ್ತಿ ಇಳಿದರೆ ಏರಿದ ಎತ್ತರ ನಂದಿಗೆ ಹತ್ತಿರ ಬರುತ್ತದೆ. ಸೌತ್ ಬೊನಾ ವಿಸ್ಟಾ ರಸ್ತೆಯ ತಿರುವುಗಳೂ ಇವೆ. ಆದರೆ ಇಲ್ಲಿ ಪ್ರತಿ ಸಲ ಇಳಿಯುವಾಗ ಕಾಲಿಗೆ ವಿಶ್ರಾಂತಿ ಸಿಗುತ್ತದೆ, ಬೆಟ್ಟದಲ್ಲಿ ಸಿಗುವುದಿಲ್ಲ. ಆ ಕೊರತೆಯನ್ನು ಎದುರು ಗಾಳಿಯಲ್ಲಿ ತುಂಬಿಕೊಳ್ಳಿ. ಅರ್ಧ ಗಂಟೆ ನಿಲ್ಲದೆ, ಕೂತುಕೊಂಡೇ ಒಂದೇ ಸಮನೆ ತುಳಿಯಿರಿ. ಮೊಣಕಾಲು ನೋವು ಅಂದರೆ ಅವತ್ತಿಗೆ ಸಾಕು. ಗುಂಪಾಗಿ ಹೋಗುವವರು ನೆನಪಿಡಿ, ಒಂದೇ ಸಾಲಿನಲ್ಲಿ ಹೋದರೆ ಐದೇ ಸೈಕಲ್. 2022ರಿಂದ ಆ ನಿಯಮ ಇದೆ.

ಪ್ರಶ್ನೆ: ಬ್ಯಾಟರಿಯ ಎಲೆಕ್ಟ್ರಾನಿಕ್ ಗೇರು ಹಾಕಿದರೆ ಗುಡ್ಡ ಸುಲಭ ಆಗುತ್ತಾ?

ಗೇರು ಬೀಳುವುದು ಚೊಕ್ಕಟ ಆಗುತ್ತದೆ, ಗುಡ್ಡ ಸುಲಭ ಆಗುವುದಿಲ್ಲ. ಗುಡ್ಡಕ್ಕೆ ಗೊತ್ತಿರುವುದು ಹಲ್ಲಿನ ಲೆಕ್ಕ ಒಂದೇ. 34ಕ್ಕೆ 32 ಅನ್ನೋದು ವೈರಿನಿಂದ ಎಳೆದರೂ ಅಷ್ಟೇ, ಬ್ಯಾಟರಿಯಿಂದ ಎಳೆದರೂ ಅಷ್ಟೇ.

ಪ್ರಶ್ನೆ (ಹಿಂದಿನ ಸಾಲಿನ ಹಿರಿಯರೊಬ್ಬರು): ನಾವು ಚಿಕ್ಕ ಗೇರಲ್ಲಿ ಕಾಲು ಗಿರಗಿರ ಅಂತ ತಿರುಗಿಸ್ತಾ ಹೋದರೆ ಪಕ್ಕದವರು ನಗ್ತಾರಲ್ಲಪ್ಪಾ?

ನಗಲಿ ಕಾಕಾ. ಸೋಮವಾರ ಬೆಳಿಗ್ಗೆ ಏಣಿ ಹತ್ತುವುದು ನೀವು, ಅವರಲ್ಲ. ಈ ವಾರ ಒಂದು ಕೆಲಸ ಮಾಡಿ. ಸೈಕಲ್ ತಲೆಕೆಳಗು ಮಾಡಿ ಮುಂದಿನ ಹಲ್ಲು, ಹಿಂದಿನ ಹಲ್ಲು ಎಣಿಸಿ ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ. ಮುಂದಿನ ಭಾನುವಾರ ಕೂತು ಲೆಕ್ಕ ಹಾಕೋಣ. ನಿಮ್ಮ ಕಾಲಿಗೆ ಎಷ್ಟು ಹಲ್ಲು ಬೇಕೋ ಅಷ್ಟೇ ಹಾಕೋಣ.